ಕೆರೆಗೆ ಊಟ ನಮ್ಮದು, ಟೆಂಡರ್ ಅವರದು

ಉಣಕಲ್ ಕೆರೆ ದಂಡೆಗೆ ಜೆಸಿಬಿ ಬಂದು ನಿಂತರೆ ಹುಬ್ಬಳ್ಳಿ ಮಂದಿಗೆ ಯಾರೂ ಏನೂ ಹೇಳಬೇಕಿಲ್ಲ. ನೀರು ಕಾಣದಂತೆ ಕೆರೆ ತುಂಬಾ ಹಬ್ಬುವ ಅಂತರಗಂಗೆ ಕಳೆ ಕೀಳುವ ಸೀಸನ್ ಶುರುವಾಯಿತು ಅಂತ ಅರ್ಥ. ಮರುದಿನ ಪೇಪರಿನಲ್ಲಿ ಫೋಟೋ. ಸಾಹೇಬರು ಕೆರೆ ಕಡೆ ಬೆರಳು ತೋರಿಸುತ್ತಾ ನಿಂತಿರುತ್ತಾರೆ, ಬಹುಶಃ ನೀರು ಎಲ್ಲಿದೆ ಅಂತ ಹುಡುಕುತ್ತಿರಬೇಕು. ಕೆರೆ ನಡುವೆ ನಿಂತಿರುವ ವಿವೇಕಾನಂದರ ಮೂರ್ತಿಗೆ ಇದು ಎಷ್ಟನೇ ಸಲವೋ ಏನೋ.

ಕಿತ್ತ ಗಿಡ ಎಲ್ಲಿಗೆ ಹೋಗಬೇಕು? ದೂರ ಸಾಗಿಸಬೇಕು. ಆದರೆ ಲಾರಿಗೆ ಡೀಸೆಲ್ ಬೇಕಲ್ವಾ? ಹಾಗಾಗಿ ನಮ್ಮ ಕಡೆ ಕೆರೆಯಿಂದ ತೆಗೆದದ್ದನ್ನು ಕೆರೆ ದಂಡೆಗೇ ಗುಡ್ಡೆ ಹಾಕುವುದು ರೂಢಿ. ಅದು ಅಲ್ಲೇ ಕೊಳೆಯುತ್ತದೆ, ಮಳೆ ಬೀಳುತ್ತದೆ, ಕೊಳೆತ ರಸವೆಲ್ಲ ತಿರುಗಿ ನೀರಿಗೆ ಇಳಿಯುತ್ತದೆ, ಕೆಸರಿನಲ್ಲಿ ಮಲಗಿದ್ದ ಬೀಜ ಏಳುತ್ತದೆ. ಈ ಬೀಜ 15-20 ವರ್ಷ ಜೀವ ಹಿಡಿದುಕೊಂಡು ಬಿದ್ದಿರುತ್ತದೆ. ಟೆಂಡರ್‌ಗೆ ಸಹಿ ಹಾಕಿದವರು ರಿಟೈರ್ ಆಗಿ ಪೆನ್ಶನ್ ತಗೊಳ್ಳುತ್ತಿದ್ದರೂ ಅದು ಡ್ಯೂಟಿಯಲ್ಲೇ ಇರುತ್ತದೆ.

ಗಿಡ ಇಷ್ಟು ಹುಲುಸಾಗಿ ಬೆಳೆಯುವುದು ಯಾಕೆ ಅಂದರೆ, ನಾವು ಊಟ ಹಾಕುತ್ತೇವೆ. ಮನೆಮನೆಯ ಸಂಡಾಸು, ಬಚ್ಚಲು, ಬಟ್ಟೆ ತೊಳೆದ ನೀರು ಎಲ್ಲ ಸೇರಿ ಗಟಾರ. ಗಟಾರದಲ್ಲಿ ಬೇಕಾದಷ್ಟು ಸಾರಜನಕ, ಬೇಕಾದಷ್ಟು ರಂಜಕ. ಹೊಲಕ್ಕೆ ಹಾಕುವ ಡಿಎಪಿ ಗೊಬ್ಬರದಲ್ಲಿರುವುದೂ ಇವೇ. ಮುಂಗಾರು ಶುರುವಾದರೆ ಹಾವೇರಿ, ಗದಗ ಕಡೆ ರೈತರು ಒಂದು ಚೀಲ ಡಿಎಪಿಗೆ ಬೆಳಗಿನಿಂದ ಪಾಳಿ ಹಚ್ಚಿ ನಿಲ್ಲುತ್ತಾರೆ. ಕೆರೆಗೆ ಪಾಳಿ ಇಲ್ಲ, ಆಧಾರ್ ಕಾರ್ಡ್ ಬೇಡ, ಹೆಬ್ಬೆಟ್ಟು ಒತ್ತುವುದೂ ಬೇಡ. ವರ್ಷಪೂರ್ತಿ, ಹಬ್ಬ ಹರಿದಿನ ಅನ್ನದೆ, ಮನೆ ಬಾಗಿಲಿಗೇ ಗೊಬ್ಬರ ಸಪ್ಲೈ. ರೈತನ ಹೊಲದಲ್ಲಿ ತೊಳೆದುಹೋದ ಡಿಎಪಿಯೂ ಕೊನೆಗೆ ಯಾವುದೋ ಕೆರೆಗೋ ಡ್ಯಾಮಿಗೋ ಬಂದು ಸೇರುತ್ತದೆ.

ಇನ್ನು ಜೆಸಿಬಿ ನಿಜವಾಗಿಯೂ ಗಿಡವನ್ನೆಲ್ಲ ತೆಗೆದುಬಿಟ್ಟಿತು ಅಂತ ಇಟ್ಟುಕೊಳ್ಳಿ. ಆಗ ನೀರಿಗೆ ಬಿಸಿಲು ಬೀಳುತ್ತದೆ. ಊಟ ಹಾಗೇ ಇದೆ, ಉಣ್ಣುವವರು ಎದ್ದು ಹೋಗಿದ್ದಾರೆ. ಎಲೆ ಖಾಲಿ ಬಿಡಲಾಗುತ್ತದೆಯೇ? ಪಾಚಿ ಬಂದು ಕೂರುತ್ತದೆ. ಮೈಕ್ರೋಸಿಸ್ಟಿಸ್ ಅನ್ನುವ ಒಂದು ಜಾತಿಗಂತೂ ನಿಂತ ನೀರು, 25 ಡಿಗ್ರಿ ಮೇಲಿನ ಬಿಸಿ ಇದ್ದರೆ ಹಬ್ಬ. ಅದರ ಕಣದೊಳಗೆ ಗಾಳಿಗುಳ್ಳೆ ಇರುವುದರಿಂದ ಮೇಲಕ್ಕೆ ತೇಲಿ, ಹಸಿರು ಪೇಂಟ್ ಚೆಲ್ಲಿದ ಹಾಗೆ ಹರಡುತ್ತದೆ. ನಮ್ಮಲ್ಲಿ ಚಳಿ ಅನ್ನುವುದೇ ಕಮ್ಮಿ, ಹಾಗಾಗಿ ಅದಕ್ಕೆ ರಜೆಯೂ ಕಮ್ಮಿ. ಅದು ಬಿಡುವ ಮೈಕ್ರೋಸಿಸ್ಟಿನ್ ವಿಷ ನೇರವಾಗಿ ಲಿವರ್ ಹಿಡಿಯುತ್ತದೆ. ದಿನಾ ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 1 ಮೈಕ್ರೋಗ್ರಾಂ ದಾಟಬಾರದು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಕುದಿಸಿದರೆ ಸರಿಹೋಗುತ್ತದೆ ಅಂತ ನಮ್ಮ ಅಜ್ಜಿಯಿಂದ ಹಿಡಿದು ಆರೋಗ್ಯಾಧಿಕಾರಿವರೆಗೆ ಎಲ್ಲರೂ ಹೇಳುತ್ತಾರೆ. ಈ ವಿಷ ಕುದಿಗೆ ಜಗ್ಗುವುದಿಲ್ಲ. ಆವಿಯಾಗಿ ಹೋಗುವುದು ನೀರು, ಉಳಿಯುವುದು ಅದು.

ಔಷಧ ಹೊಡೆದರಾಯಿತು ಅನ್ನುವವರು ಆಸ್ಟ್ರೇಲಿಯಾದ ಪಾಮ್ ದ್ವೀಪದ ಕಥೆ ಕೇಳಬೇಕು. 1979ರಲ್ಲಿ ಅಲ್ಲಿಯ ಸೊಲೊಮನ್ ಡ್ಯಾಮಿನ ನೀರಿಗೆ ಪಾಚಿ ಬಂತು, ವಾಸನೆ ಅಂತ ಜನ ದೂರಿದರು. ಅಧಿಕಾರಿಗಳು ಮೈಲುತುತ್ತ ಹಾಕಿದರು. ಪಾಚಿ ಸತ್ತಿತು. ಸಾಯುವಾಗ ಒಡೆದು, ಹೊಟ್ಟೆಯಲ್ಲಿದ್ದ ವಿಷವನ್ನೆಲ್ಲ ಒಮ್ಮೆಲೇ ನೀರಿಗೆ ಬಿಟ್ಟಿತು. 148 ಜನರಿಗೆ ಲಿವರ್ ಕೆಟ್ಟಿತು, ಹೆಚ್ಚಿನವರು ಮಕ್ಕಳು. ದೂರು ಕ್ಲೋಸ್ ಆಗಿರಬೇಕು. 1996ರಲ್ಲಿ ಬ್ರೆಜಿಲ್ಲಿನ ಕರುವಾರು ಊರಲ್ಲಿ ಪಾಚಿ ಹತ್ತಿದ ಜಲಾಶಯದ ನೀರನ್ನು ಡಯಾಲಿಸಿಸ್‌ಗೆ ಬಳಸಿ 50ಕ್ಕೂ ಹೆಚ್ಚು ರೋಗಿಗಳು ಸತ್ತರು. ಅದರ ಬಗ್ಗೆ ತಮಾಷೆ ಮಾಡಲು ನನಗೆ ಮನಸ್ಸಿಲ್ಲ.

ನಮ್ಮ ಔಷಧಗಳು ಹಾಗಲ್ಲ, ಬಹಳ ಸಾಧು. ವಾಕಿಂಗ್ ಪಾಥ್, ಕಾರಂಜಿ, ಬಣ್ಣದ ಲೈಟು, ಬೋಟು, ಸೆಲ್ಫಿ ಪಾಯಿಂಟು. ಇತ್ತೀಚೆಗೆ ಊರೂರಲ್ಲಿ ಇನ್ನೊಂದು ಬಂದಿದೆ, ಕ್ಯಾನಿನಲ್ಲಿ ತುಂಬಿದ ಬ್ಯಾಕ್ಟೀರಿಯಾ ದ್ರಾವಣ. ಶಾಲೆ ಮಕ್ಕಳನ್ನು ಸಾಲಾಗಿ ನಿಲ್ಲಿಸಿ, ಚಪ್ಪಾಳೆ ಹೊಡೆಸಿ ಸುರಿಯುತ್ತಾರೆ. ವಾಸನೆ ಸ್ವಲ್ಪ ಕಮ್ಮಿ ಆದೀತು. ಆದರೆ ಸಾರಜನಕವಾದರೆ ಗಾಳಿಯಾಗಿ ಹಾರಿಹೋದೀತು, ರಂಜಕ ಹಾರಿಹೋಗುವುದಿಲ್ಲ ಮಾರಾಯರೇ. ಬಂದದ್ದು ಕೆಸರಿನಲ್ಲಿ ಕೂರುತ್ತದೆ, ತಳದಲ್ಲಿ ಆಮ್ಲಜನಕ ಮುಗಿದಾಗ ಮತ್ತೆ ಮೇಲೇಳುತ್ತದೆ. ಬ್ಯಾಕ್ಟೀರಿಯಾ ಅದನ್ನು ತಿಂದರೂ, ಸತ್ತ ಮೇಲೆ ಅಲ್ಲೇ ಬಿಟ್ಟು ಹೋಗುತ್ತದೆ.

"ಸಾಹೇಬ್ರ, ಆ ಗಟಾರ ಮೊದಲ ಬಂದ್ ಮಾಡಸ್ರಿ" ಅಂತ ವಾಕಿಂಗ್ ಬಂದ ಯಾರಾದರೂ ಹಿರಿಯರು ಕೇಳಿದರೆ ಉತ್ತರ ರೆಡಿ ಇರುತ್ತದೆ. "ಅಜ್ಜಾರ, ಅದು ಬ್ಯಾರೆ ಇಲಾಖೆ ಬರತೈತ್ರಿ." ಕೆರೆ ಒಂದು ಇಲಾಖೆ, ಕೆರೆಗೆ ಬೀಳುವ ನೀರು ಇನ್ನೊಂದು, ದಂಡೆಯ ಮೇಲಿನ ಬೆಂಚು ಮತ್ತೊಂದು. ಪಾಚಿಗೆ ಮಾತ್ರ ಇಲಾಖೆ ಇಲ್ಲ, ಅದಕ್ಕೇ ಅದರ ಕೆಲಸ ಟೈಮಿಗೆ ಸರಿಯಾಗಿ ನಡೆಯುತ್ತದೆ.

ನಾವೇನು ಉಣಕಲ್ ನೀರು ಕುಡಿಯುತ್ತೇವಾ ಅಂತ ಕೇಳುವವರಿದ್ದಾರೆ. ಕುಡಿಯುವುದಿಲ್ಲ, ಸರಿ. ಊರೊಳಗಿನ ಕೆರೆಯನ್ನು ಗಟಾರಕ್ಕೆ ಬಿಟ್ಟುಕೊಟ್ಟು ಸವದತ್ತಿಯಿಂದ ಮಲಪ್ರಭೆಯನ್ನು ಪೈಪಿನಲ್ಲಿ ಕರೆಸಿಕೊಂಡು, ನಳ ಯಾವತ್ತು ಬರುತ್ತದೋ ಅಂತ ಕೊಡ ಹಿಡಿದು ಕೂರುವ ಜಾಣರು ನಾವು. ಕೆರೆ ನೀರು ಎಮ್ಮೆ ಕುಡಿಯುತ್ತದೆ, ಎಮ್ಮೆಗೆ ವೋಟಿಲ್ಲ. ಮಲಪ್ರಭೆಗೂ ಹೊಲದ ಗೊಬ್ಬರ, ಊರುಗಳ ಕೊಳಚೆ ಸೇರುತ್ತಲೇ ಇದೆ. ನಾಳೆ ಎಲ್ಲಿಂದ ಪೈಪ್ ಎಳೆಯುತ್ತೇವೆ?

ಅದಕ್ಕೇ ನಂದೊಂದು ಸಣ್ಣ ಸಲಹೆ. ಸಾಹೇಬರಿಗೆ ರಿಬ್ಬನ್ ಇಲ್ಲದೆ ಕೆಲಸ ಮಾಡಿ ಅಭ್ಯಾಸವಿಲ್ಲ, ಪಾಪ. ಮುಂದಿನ ಸಲ ರಿಬ್ಬನ್ನನ್ನು ಗಟಾರದ ಪೈಪಿನ ಬಾಯಿಗೇ ಕಟ್ಟಿ. ಹತ್ತಿಪ್ಪತ್ತು ಸುತ್ತು, ಬಿಗಿಯಾಗಿ. ಕತ್ತರಿ ತರುವುದನ್ನು ಮಾತ್ರ ಯಾರಾದರೂ ಮರೆತುಬಿಡಿ.