ಯಾವ ಪೆಲೆಟ್ ಕೊಳ್ಳಬೇಕು ಎಂದು ಕೇಳುವ ಪೋಷಕರಿಗೆ

2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಮನು ಭಾಕರ್ ಪದಕ ಗೆದ್ದ ಮೇಲೆ ಬೆಂಗಳೂರಿನ ಶೂಟಿಂಗ್ ರೇಂಜ್‌ಗಳಲ್ಲಿ ನನಗೆ ಹೆಚ್ಚಾಗಿ ಎದುರಾಗುವ ಪ್ರಶ್ನೆ ಒಂದೇ: "ಸರ್, ನಮ್ಮ ಮಗಳಿಗೆ ಯಾವ ಪೆಲೆಟ್ ತೆಗೆದುಕೊಳ್ಳಲಿ?" ಪೆಲೆಟ್ ಎಂದರೆ ಏರ್ ರೈಫಲ್, ಏರ್ ಪಿಸ್ತೂಲುಗಳಲ್ಲಿ ಗಾಳಿಯ ಒತ್ತಡದಿಂದ ಹಾರುವ ಪುಟ್ಟ ಗುಂಡು. ಕೇಳುವವರು ನನ್ನಿಂದ ಒಂದು ಕಂಪನಿಯ ಹೆಸರನ್ನು ನಿರೀಕ್ಷಿಸುತ್ತಾರೆ. ಆ ಮಗು ಹಿಡಿಯುವ ರೈಫಲ್‌ನಲ್ಲಿ ಹಾರಿಸಿ ನೋಡದೆ ಹೆಸರು ಹೇಳುವುದು ಸರಿಯಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಹತ್ತು ಮೀಟರ್ ಸ್ಪರ್ಧೆಯ ಪೆಲೆಟ್ ಸೀಸದ್ದು, 4.5 ಮಿಲಿಮೀಟರ್ ಅಳತೆಯದು. ಕಾಗದದಲ್ಲಿ ಅಂಚು ಹರಿಯದ ದುಂಡು ರಂಧ್ರ ಬೀಳಲೆಂದು ಅದರ ತಲೆಯನ್ನು ಚಪ್ಪಟೆಯಾಗಿ ಮಾಡಿರುತ್ತಾರೆ. ರೈಫಲ್‌ಗೆ ಸಾಮಾನ್ಯವಾಗಿ 0.53 ಗ್ರಾಂ ತೂಕದ್ದನ್ನೂ ಪಿಸ್ತೂಲಿಗೆ 0.45ರಿಂದ 0.49 ಗ್ರಾಂ ತೂಕದ್ದನ್ನೂ ಬಳಸುತ್ತಾರೆ. ಇಷ್ಟರಿಂದಲೇ ಆಯ್ಕೆ ಮುಗಿಯುವುದಿಲ್ಲ. ಎಚ್ ಅಂಡ್ ಎನ್ ಕಂಪನಿಯ ಫಿನಾಲೆ ಮ್ಯಾಚ್ ಆಗಲಿ, ಆರ್‌ಡಬ್ಲ್ಯುಎಸ್ ಕಂಪನಿಯ ಆರ್10 ಆಗಲಿ, ಒಂದೇ ಹೆಸರಿನ ಪೆಲೆಟ್ ತಲೆಯ ಅಳತೆಯಲ್ಲಿ 4.49, 4.50 ಎಂದು ಬೇರೆ ಬೇರೆಯಾಗಿ ಬರುತ್ತದೆ, ಮತ್ತು ಅಳತೆ ಒಂದೇ ಇದ್ದರೂ ಲಾಟ್ (ಕಾರ್ಖಾನೆಯಲ್ಲಿ ಒಂದೇ ಸಲಕ್ಕೆ ತಯಾರಾದ ಸರಕು) ಬದಲಾದಾಗ ಫಲಿತಾಂಶ ಬದಲಾಗಬಹುದು. ಒಂದೇ ಕಾರ್ಖಾನೆಯಿಂದ ಬಂದ, ಒಂದೇ ಮಾದರಿಯ ಎರಡು ರೈಫಲ್‌ಗಳ ಬ್ಯಾರೆಲ್‌ಗಳೂ ಸೂಕ್ಷ್ಮವಾಗಿ ಭಿನ್ನವಾಗಿರುವುದರಿಂದ, ರಾಜ್ಯಮಟ್ಟದಲ್ಲಿ ಚಿನ್ನ ಗೆದ್ದ ಹುಡುಗನ ಡಬ್ಬಿ ಪಕ್ಕದ ಲೇನಿನ ಹುಡುಗಿಗೆ ಹೊಂದುತ್ತದೆ ಎಂದು ಯಾರೂ ಭರವಸೆ ಕೊಡಲಾರರು.

ಹಾಗಾದರೆ ಪರೀಕ್ಷಿಸುವುದು ಹೇಗೆ? ಮನುಷ್ಯನ ಕೈ, ಉಸಿರು, ಕಣ್ಣು ಯಾವುದೂ ನಡುವೆ ಬಾರದಂತೆ ರೈಫಲನ್ನು ವೈಸ್‌ಗೆ (ಅಲುಗದಂತೆ ಹಿಡಿದಿಡುವ ಕಬ್ಬಿಣದ ಹಿಡಿಕೆಗೆ) ಬಿಗಿದು, ಪ್ರತಿ ಲಾಟ್‌ನಿಂದಲೂ ಹಾರಿಸಿ, ರಂಧ್ರಗಳ ಗುಂಪು ಎಷ್ಟು ಬಿಗಿಯಾಗಿದೆ ಎಂದು ಅಳೆಯಬೇಕು. ಒಂದು ಪೆಲೆಟ್‌ನಿಂದ ಇನ್ನೊಂದಕ್ಕೆ ಬದಲಿಸಿದಾಗ ಮೊದಲ ಕೆಲವು ಹೊಡೆತಗಳನ್ನು ಲೆಕ್ಕಕ್ಕೆ ಹಿಡಿಯಬಾರದು; ಬ್ಯಾರೆಲ್ ಹೊಸ ಸೀಸಕ್ಕೆ ಒಗ್ಗಿಕೊಳ್ಳಬೇಕು. ಇಲ್ಲಿ ನನಗೆ ಅತ್ಯಂತ ಬೇಸರ ತರುವ ಸಂಗತಿಯೆಂದರೆ, ಐದು ಹೊಡೆತಗಳ ಒಂದು ಗುಂಪು ಚೆನ್ನಾಗಿ ಬಂದ ಕೂಡಲೇ ಆ ಕಾಗದದ ಫೋಟೊ ತೆಗೆದು "ಇದೇ ನಮ್ಮದು" ಎಂದು ತೀರ್ಮಾನಿಸಿಬಿಡುವ ಅಭ್ಯಾಸ. ಐದು ಹೊಡೆತಗಳು ಅದೃಷ್ಟದಿಂದಲೂ ಒಂದೆಡೆ ಬೀಳುತ್ತವೆ. ಅದೇ ಡಬ್ಬಿಯ ಮುಂದಿನ ಐದು ಹಾಗೆ ಬೀಳದೆ ಹೋಗಬಹುದು. ಹತ್ತು ಹತ್ತರ ಹಲವು ಗುಂಪುಗಳನ್ನು, ಲಾಟ್‌ಗಳನ್ನು ಅದಲುಬದಲು ಮಾಡುತ್ತಾ ಹಾರಿಸಿ, ಅತ್ಯುತ್ತಮ ಗುಂಪನ್ನು ಬದಿಗಿಟ್ಟು ಒಟ್ಟು ಸರಾಸರಿಯನ್ನು ನೋಡಿದರೆ ಮಾತ್ರ ಆ ಲಾಟ್‌ನ ನಿಜವಾದ ಗುಣ ತಿಳಿಯುತ್ತದೆ. ಹೀಗೆ ಆಯ್ಕೆಯಾದ ಲಾಟ್‌ನ ಸಂಖ್ಯೆಯನ್ನು ಬರೆದಿಟ್ಟುಕೊಂಡು, ಅಂಗಡಿಯಲ್ಲಿ ಅದೇ ಸಂಖ್ಯೆಯ ಡಬ್ಬಿಗಳನ್ನು ಇಡೀ ವರ್ಷಕ್ಕಾಗುವಷ್ಟು ಒಟ್ಟಿಗೆ ಕೊಳ್ಳುವುದು ಜಾಣತನ.

ಈ ಶ್ರಮ ಯಾರಿಗೆ ಬೇಕು ಎಂಬುದನ್ನೂ ಲೆಕ್ಕ ಹಾಕಿ ನೋಡೋಣ. ಏರ್ ರೈಫಲ್ ಗುರಿಯಲ್ಲಿ ಹತ್ತರ ಚುಕ್ಕಿಯ ವ್ಯಾಸ ಕೇವಲ 0.5 ಮಿಲಿಮೀಟರ್, ಮತ್ತು ಅಂಕದಲ್ಲಿ ದಶಮಾಂಶದ ಪ್ರತಿಯೊಂದು ಹಂತವೂ (10.4ರಿಂದ 10.5ಕ್ಕೆ ಎಂಬಂತೆ) ಕೇಂದ್ರದಿಂದ 0.25 ಮಿಲಿಮೀಟರ್ ದೂರಕ್ಕೆ ಸಮ. ಹೊಡೆತಕ್ಕೆ 10.5 ಅಂಕದ ಸರಾಸರಿಯಲ್ಲಿ ಆಡುವವರಿಗೆ ಪೆಲೆಟ್‌ನ ಕಾಲು ಮಿಲಿಮೀಟರ್ ವ್ಯತ್ಯಾಸ ಅರವತ್ತು ಹೊಡೆತಗಳ ಕೊನೆಗೆ ಫೈನಲ್‌ನ ಒಳಗಿರುವುದನ್ನೂ ಹೊರಗಿರುವುದನ್ನೂ ನಿರ್ಧರಿಸುತ್ತದೆ. 9.8ರ ಸರಾಸರಿಯ ಮಗುವಿನ ಹೊಡೆತಗಳು ಕೇಂದ್ರದಿಂದ ಸುಮಾರು 3 ಮಿಲಿಮೀಟರ್ ದೂರ ಚದುರಿರುತ್ತವೆ. ಅಲ್ಲಿ ಪೆಲೆಟ್‌ನ ಪಾಲು ತೀರಾ ಚಿಕ್ಕದು. ಅಂಥ ಮಗುವಿಗೆ ದುಬಾರಿ ಡಬ್ಬಿಗಿಂತ ಸಾಧಾರಣ ಮ್ಯಾಚ್ ಪೆಲೆಟ್‌ಗಳನ್ನು ಹೆಚ್ಚು ಸಂಖ್ಯೆಯಲ್ಲಿ ಕೊಡಿಸಿ, ಉಳಿದ ಹಣವನ್ನು ಹೊಂದುವ ಜಾಕೆಟ್‌ಗೂ ರೇಂಜ್ ಶುಲ್ಕಕ್ಕೂ ಇಡಿ ಎಂದೇ ನಾನು ಹೇಳುತ್ತೇನೆ.

ಐವತ್ತು ಮೀಟರ್ ಸ್ಪರ್ಧೆಯ ಪಾಯಿಂಟ್ ಟೂ ಟೂ (0.22 ಇಂಚಿನ, ಮದ್ದಿನಿಂದ ಹಾರುವ) ಗುಂಡಿನ ವಿಷಯದಲ್ಲಿ ಲಾಟ್ ಇನ್ನೂ ಮುಖ್ಯ, ಏಕೆಂದರೆ ಗುಂಡಿನಿಂದ ಗುಂಡಿಗೆ ವೇಗದಲ್ಲಿ ಆಗುವ ಏರುಪೇರು ಗುರಿಯ ಮೇಲೆ ಮೇಲುಕೆಳಗಿನ ಚದುರುವಿಕೆಯಾಗಿ ಕಾಣುತ್ತದೆ. ಎಲಿ, ಲಪುವಾ ಕಂಪನಿಗಳು ಶೂಟರ್‌ಗಳ ಬ್ಯಾರೆಲ್‌ನಲ್ಲೇ ಲಾಟ್ ಪರೀಕ್ಷಿಸಿಕೊಡುವ ಕೇಂದ್ರಗಳನ್ನು ಯೂರೋಪಿನಲ್ಲಿ ನಡೆಸುತ್ತಿರುವುದು ಇದೇ ಕಾರಣಕ್ಕೆ. ಕೇಸ್ (ಗುಂಡಿನ ಲೋಹದ ಕೋಶ), ಪ್ರೈಮರ್ (ಹೊತ್ತಿಸುವ ಸಿಡಿಮದ್ದು), ಪೌಡರ್, ಬುಲೆಟ್ ಬೇರೆ ಬೇರೆ ಕೊಂಡು ಮನೆಯಲ್ಲೇ ಗುಂಡು ಕಟ್ಟಿಕೊಳ್ಳುವ ಅಮೆರಿಕದ ಹವ್ಯಾಸದ ವಿಡಿಯೊಗಳನ್ನು ನೋಡಿ ನಮ್ಮ ಹುಡುಗರು ಉತ್ಸುಕರಾಗುವುದುಂಟು. ಪಾಯಿಂಟ್ ಟೂ ಟೂನಲ್ಲಿ ಸಿಡಿಮದ್ದು ಕೇಸಿನ ಅಂಚಿನೊಳಗೇ ಇರುವುದರಿಂದ ಬಳಸಿದ ಕೇಸನ್ನು ಮತ್ತೆ ತುಂಬುವ ಪದ್ಧತಿ ಇಲ್ಲ. ಇನ್ನು ಉಳಿದ ಗುಂಡುಗಳನ್ನು ಪರವಾನಗಿ ಇಲ್ಲದೆ ತಯಾರಿಸುವುದನ್ನು 1959ರ ಶಸ್ತ್ರಾಸ್ತ್ರ ಕಾಯ್ದೆ ನಿಷೇಧಿಸುತ್ತದೆ. ಆ ದಾರಿಯನ್ನು ಯಾರೂ ಹಿಡಿಯಬಾರದು.

ಕೊಂಡ ಡಬ್ಬಿಯನ್ನು ಜೋಪಾನ ಮಾಡುವುದೂ ಆಯ್ಕೆಯಷ್ಟೇ ಮುಖ್ಯ. ಸೀಸ ಮೃದುವಾದ್ದರಿಂದ ಬೈಕಿನ ಬ್ಯಾಗಿನಲ್ಲಿ ಕುಲುಕಿದ, ನೆಲಕ್ಕೆ ಬಿದ್ದ ಡಬ್ಬಿಯ ಪೆಲೆಟ್‌ಗಳ ಹಿಂಬದಿಯ ಅಂಚು ಬಾಗಿ, ಎಲ್ಲ ಪರೀಕ್ಷೆಯೂ ವ್ಯರ್ಥವಾಗುತ್ತದೆ. ಸೀಸ ವಿಷಕಾರಿ ಆದ್ದರಿಂದ ಅಭ್ಯಾಸ ಮುಗಿದ ಮೇಲೆ ಮಕ್ಕಳು ಸೋಪಿನಿಂದ ಕೈ ತೊಳೆಯದೆ ಊಟದ ಡಬ್ಬಿ ಮುಟ್ಟದಂತೆ ಪೋಷಕರು ನೋಡಿಕೊಳ್ಳಬೇಕು.

ನಮ್ಮ ನಗರದ ಕ್ಲಬ್‌ಗಳಲ್ಲಿ ನನ್ನದೊಂದು ಕೋರಿಕೆಯಿದೆ. ಪ್ರತಿಯೊಂದು ಕುಟುಂಬವೂ ಐದಾರು ಬಗೆಯ ಡಬ್ಬಿಗಳನ್ನು ಕೊಂಡು ಪರೀಕ್ಷಿಸುವುದು ಸಾಧ್ಯವಿಲ್ಲ. ಕ್ಲಬ್ಬೇ ಒಂದು ವೈಸ್ ಇಟ್ಟು, ಬೇರೆ ಬೇರೆ ಲಾಟ್‌ಗಳ ಒಂದೊಂದು ಡಬ್ಬಿ ತರಿಸಿ, ಮಕ್ಕಳು ತಮ್ಮ ರೈಫಲ್‌ನಲ್ಲಿ ಹಾರಿಸಿ ನೋಡಿದ ಮೇಲೆ ಎಲ್ಲರ ಬೇಡಿಕೆಯನ್ನು ಒಟ್ಟುಗೂಡಿಸಿ ಖರೀದಿಸಿದರೆ, ಸಾಧಾರಣ ಸಂಬಳದ ಮನೆಯ ಮಗುವಿಗೂ ತನ್ನ ಬ್ಯಾರೆಲ್‌ಗೆ ಹೊಂದುವ ಪೆಲೆಟ್ ಸಿಗುತ್ತದೆ. ಇದಕ್ಕೆ ಮುಂದಾಗುವ ಕೋಚ್‌ಗಳು ಇಲ್ಲಿ ಪ್ರತಿಕ್ರಿಯಿಸಿದರೆ, ಪರೀಕ್ಷೆಯ ದಿನ ಅಳತೆ ತೆಗೆದು ದಾಖಲಿಸುವ ಕೆಲಸಕ್ಕೆ ನಾನು ಬರುತ್ತೇನೆ.