ಎಡಗಡೆಯ ಬಟನ್ನು

ಭಾವ ಜಪಾನಿನಿಂದ ಬರುವಾಗ ನನಗೊಂದು ಲ್ಯಾಪ್‌ಟಾಪ್ ತಂದರು. ತೆಳ್ಳಗೆ, ಹಗುರವಾಗಿ, ದೊಡ್ಡ ನೋಟ್‌ಬುಕ್ಕಿನ ಹಾಗಿತ್ತು. ಕೈಗೆ ಕೊಡುತ್ತಾ, "ಒಳಗೆಲ್ಲ ಜಪಾನಿ ಭಾಷೆ ಇದೆ ಕಣಯ್ಯ, ಬದಲಾಯಿಸ್ಕೊಂಡ್ಬಿಡು. ಎರಡು ನಿಮಿಷದ ಕೆಲಸವಂತೆ" ಅಂದರು. ಅಂಗಡಿಯವನು ಅವರಿಗೆ ಹಾಗೆ ಹೇಳಿ, ಖಾತೆಯನ್ನೂ ತೆರೆದು, ಪಾಸ್‌ವರ್ಡನ್ನು ಒಂದು ಚೀಟಿಯಲ್ಲಿ ಬರೆದುಕೊಟ್ಟಿದ್ದ. ಎರಡು ನಿಮಿಷದ ಕೆಲಸ ಅಂತ ಯಾರಾದರೂ ಅಂದರೆ, ಆ ಕೆಲಸವನ್ನು ಅವರು ಮಾಡಿ ನೋಡಿಲ್ಲ ಅಂತಲೇ ಲೆಕ್ಕ. ಇದು ನನಗೆ ಗೊತ್ತಿತ್ತು. ಆದರೂ ಹೊಸ ಲ್ಯಾಪ್‌ಟಾಪ್ ಕೈಯಲ್ಲಿದ್ದಾಗ ಬುದ್ಧಿ ಒಂದು ಹೆಜ್ಜೆ ಹಿಂದೆ ನಿಲ್ಲುತ್ತೆ, ಅಲ್ವಾ?

ಆನ್ ಮಾಡಿದೆ. ಪರದೆ ತುಂಬ ಅಕ್ಷರಗಳು. ಕೆಲವು ಸರಳು ಹಾಕಿದ ಕಿಟಕಿಯಂತೆ, ಕೆಲವು ಕಡ್ಡಿ ಜೋಡಿಸಿಟ್ಟಂತೆ. ಒಂದೂ ಪರಿಚಯದ್ದಲ್ಲ. ಆದರೆ ಮಜಾ ನೋಡಿ, ಕೈ ಮಾತ್ರ ತನ್ನ ಪಾಡಿಗೆ ಓಡಾಡುತ್ತಿತ್ತು. ಹಳದಿ ಫೋಲ್ಡರಿನ ಮೇಲೆ ಒತ್ತಿತು. ತೆರೆದದ್ದನ್ನು ಮುಚ್ಚಲು ಬಲಗಡೆಯ ಮೇಲಿನ ಮೂಲೆಗೆ ಹೋಯಿತು. ಬೇಡದ ಫೈಲನ್ನು ಎಳೆದುಕೊಂಡು ಹೋಗಿ ಕಸದ ಬುಟ್ಟಿಗೆ ಹಾಕಿಯೂ ಬಂತು. ಇಷ್ಟು ವರ್ಷ ನಾನು ಪರದೆಯನ್ನು ಓದುತ್ತಿದ್ದೇನೆ ಅಂದುಕೊಂಡಿದ್ದೆ. ಓದುತ್ತಲೇ ಇರಲಿಲ್ಲ. ಕತ್ತಲಲ್ಲಿ ಗೋಡೆ ಸವರಿ ಸ್ವಿಚ್ ಹುಡುಕುವವರ ಹಾಗೆ, ಜಾಗದ ಅಂದಾಜಿನಲ್ಲೇ ಕಾಲ ತಳ್ಳಿದ್ದೆ.

ಅಂದಾಜು ಕೈಕೊಟ್ಟದ್ದು ಯಂತ್ರವನ್ನು ಆರಿಸುವಾಗ. ಮೂರು ಸಾಲು ಬಂದವು. ಒಂದು ಮಲಗಿಸುತ್ತೆ, ಒಂದು ಆರಿಸುತ್ತೆ, ಒಂದು ಆರಿಸಿ ಮತ್ತೆ ಎಬ್ಬಿಸುತ್ತೆ. ಯಾವುದು ಯಾವುದು? ಧೈರ್ಯ ಮಾಡಿ ಕೊನೆಯದನ್ನು ಒತ್ತಿದೆ. ಆರಿತು. ಮುಚ್ಚಳ ಹಾಕುವಷ್ಟರಲ್ಲಿ ಮತ್ತೆ ಎದ್ದು ಕೂತಿತು. ಆಮೇಲೆ ತಿಳಿದುಕೊಂಡೆ, ಆ ಮೂರರಲ್ಲಿ ಮೊದಲ ಎರಡು ಜಪಾನಿ ಪದಗಳೇ ಅಲ್ಲ. 'ಸುರೀಪು', 'ಶಟ್ಟೊದೌನ್'. ಇಂಗ್ಲಿಷಿನ ಸ್ಲೀಪ್ ಮತ್ತು ಶಟ್‌ಡೌನನ್ನೇ ಕತಕಾನ ಲಿಪಿಯಲ್ಲಿ ಬರೆದುಕೊಂಡಿದ್ದಾರೆ. ಆ ಲಿಪಿಗೆ ಹೆಚ್ಚಾಗಿ ಇದೇ ಕೆಲಸ, ಹೊರಗಿನಿಂದ ಬಂದ ಪದಗಳಿಗೆ ಜಾಗ ಕೊಡುವುದು. ನಾವು ಶಟ್‌ಡೌನ್ ಅಂತ ಕನ್ನಡ ಅಕ್ಷರದಲ್ಲಿ ಬರೆದು ಸುಮ್ಮನಾಗುವ ಹಾಗೆ ಅವರೂ ಸುಮ್ಮನಾಗಿದ್ದಾರೆ. ಗೊತ್ತಿರುವ ಪದವೇ ಬುರ್ಖಾ ಹಾಕಿಕೊಂಡು ಎದುರಿಗೆ ನಿಂತಿತ್ತು, ನಾನು ಗುರುತು ಹಿಡಿಯಲಿಲ್ಲ. ಮೂರನೆಯದು ಮಾತ್ರ ಅವರ ಮನೆಯದೇ ಪದ, 'ಸಾಯ್‌ಕಿದೋ'. ನಾನು ಒತ್ತಿದ್ದು ಅದನ್ನೇ.

ಹಳೆಯ ಕಂಪ್ಯೂಟರನ್ನು ತಂದು ಪಕ್ಕದಲ್ಲಿಟ್ಟುಕೊಂಡೆ. ಎರಡರಲ್ಲೂ ವಿಂಡೋಸ್ ತಾನೇ? ಇದರಲ್ಲಿ ಮೇಲಿನಿಂದ ಎಷ್ಟನೆಯ ಸಾಲೋ ಅದರಲ್ಲೂ ಅಷ್ಟನೆಯದು. ಪರೀಕ್ಷೆಯಲ್ಲಿ ಪಕ್ಕದವನ ಹಾಳೆ ನೋಡಿ ಬರೆಯುವ ಕಲೆ ಎಷ್ಟೋ ವರ್ಷದ ಮೇಲೆ ಉಪಯೋಗಕ್ಕೆ ಬಂತು. ಹಳೆಯ ಕಾಲದ ಮೆನುಗಳಿರುವ ಕಡೆ ಇನ್ನೂ ಒಂದು ಆಸರೆ ಸಿಕ್ಕಿತು. ಜಪಾನಿ ಪದದ ಬಾಲಕ್ಕೆ ಆವರಣದೊಳಗೆ ಒಂದೊಂದು ಇಂಗ್ಲಿಷ್ ಅಕ್ಷರ ಕೂತಿರುತ್ತೆ. ಎಫ್ ಇದ್ದರೆ ಫೈಲ್, ಇ ಇದ್ದರೆ ಎಡಿಟ್, ವಿ ಇದ್ದರೆ ವ್ಯೂ. ಕೀಬೋರ್ಡಿನಿಂದಲೇ ಮೆನು ತೆರೆಯಲಿ ಅಂತ ಇಟ್ಟದ್ದು. ನನ್ನಂಥವನಿಗೆ ಅದೇ ಊರುಗೋಲು.

ವಿಂಡೋಸ್ ಗುರುತಿನ ಕೀಲಿ ಹಿಡಿದು ಐ ಒತ್ತಿದರೆ ಸೆಟ್ಟಿಂಗ್ಸ್ ತೆರೆಯುತ್ತೆ. ಯಾವ ಭಾಷೆಯ ಯಂತ್ರವಾದರೂ ಇಷ್ಟು ನಡೆಯುತ್ತೆ. ಅದರಲ್ಲಿ ಗಡಿಯಾರದ ಚಿತ್ರವಿರುವ ಸಾಲು ಹುಡುಕಬೇಕು. ಭಾಷೆಯನ್ನು ಗಡಿಯಾರದ ಜೊತೆ ಯಾಕೆ ಕಟ್ಟಿಹಾಕಿದರೋ! ಒಳಗೆ ಹೋಗಿ, ಭಾಷೆ ಸೇರಿಸುವ ಬಟನ್ ಒತ್ತಿದೆ. ಉದ್ದಕ್ಕೆ ಒಂದು ಪಟ್ಟಿ ಬಂತು. ಅದನ್ನು ಮಾಡಿದ ಪುಣ್ಯಾತ್ಮರಿಗೆ ನನ್ನ ನಮಸ್ಕಾರ. ಅಲ್ಲಿ ಪ್ರತಿ ಭಾಷೆಯ ಹೆಸರೂ ಅದರದೇ ಲಿಪಿಯಲ್ಲಿದೆ. ಕನ್ನಡ ಅನ್ನುವುದು 'ಕನ್ನಡ' ಅಂತಲೇ ಇದೆ, ತಮಿಳು ತಮಿಳಿನಲ್ಲೇ ಇದೆ. ಆ ಪಟ್ಟಿಯನ್ನು ಹುಡುಕಿಕೊಂಡು ಬರುವವರು ಎಂಥ ಪಾಡಿನಲ್ಲಿ ಇರುತ್ತಾರೆ ಅಂತ ಯಾರೋ ಯೋಚಿಸಿದ್ದಾರೆ. ಬಸ್ಸಿಗೆ ಕಾಯುವ ಗುಂಪಿನಲ್ಲಿ ನಮ್ಮವರ ಮುಖ ಕಂಡಷ್ಟು ಖುಷಿಯಾಯಿತು.

ಪಟ್ಟಿಯ ಮೇಲೆ ಹುಡುಕುವ ಚೌಕವೂ ಇತ್ತು. ಬೇಗ ಆಗಲಿ ಅಂತ ಅದರಲ್ಲಿ ಕೆ ಮತ್ತು ಎ ಒತ್ತಿದೆ. ಎರಡು ಅಕ್ಷರ ಮೂಡಬೇಕಾದಲ್ಲಿ ಒಂದೇ ಮೂಡಿತು. ಅದೂ ಜಪಾನಿನದು. ಅಳಿಸಿ ಮತ್ತೆ ಒತ್ತಿದೆ, ಅದೇ ಕಥೆ. ಎಲ್ಲೋ ನನ್ನ ಬೆರಳು ಎಡಗಡೆ ಮೇಲಿನ ಮೂಲೆಯ ಕೀಲಿಗೆ ತಾಗಿ ಜಪಾನಿ ಬರವಣಿಗೆ ಶುರುವಾಗಿಬಿಟ್ಟಿತ್ತು. ಸಿಟ್ಟು ಬರುವ ಹೊತ್ತಿಗೆ ಹೊಳೆಯಿತು: ಅದು ಮಾಡಿದ್ದರಲ್ಲಿ ತಪ್ಪೇನಿದೆ? ಕೆ ಮತ್ತು ಎ ಸೇರಿದರೆ 'ಕ' ಅನ್ನುವ ಒಂದೇ ಅಕ್ಷರ. ನಮ್ಮಲ್ಲೂ ಹಾಗೇ ತಾನೇ? ಅವರ ಹಿರಗಾನ ಲಿಪಿಯಲ್ಲೂ ಕ, ಕಿ, ಕು, ಕೆ, ಕೊ ಅಂತ ಕಾಗುಣಿತದ ಥರದ್ದೇ ಒಂದು ಸಾಲಿದೆ. ಒಂದು ವ್ಯತ್ಯಾಸ, ನಮ್ಮಲ್ಲಿ 'ಕ'ಕ್ಕೆ ಗುಡಿಸು ಕೊಟ್ಟು 'ಕಿ' ಮಾಡುತ್ತೇವೆ, ಅವರಲ್ಲಿ 'ಕಿ'ಗೆ ಬೇರೆಯೇ ಮುಖ. ಐದು ನಿಮಿಷ ಅದನ್ನೇ ಒತ್ತಿ ಒತ್ತಿ ಆಟವಾಡಿದೆ. ಎರಡು ನಿಮಿಷದ ಕೆಲಸ ಆಗ ಒಂದು ಗಂಟೆ ದಾಟಿತ್ತು.

ಮೊದಲು ಇಂಗ್ಲಿಷ್ ಆರಿಸಿದೆ. ಇಳಿಯಿತು. ಖಾತೆಯಿಂದ ಹೊರಗೆ ಬಂದು ಮತ್ತೆ ಒಳಗೆ ಹೋದಾಗ ಎಲ್ಲ ಇಂಗ್ಲಿಷ್. ಗೆದ್ದೆ ಅಂದುಕೊಂಡೆ. ಆ ಖುಷಿಗೆ ಚೀಟಿಯ ಪಾಸ್‌ವರ್ಡ್ ತೆಗೆದು, ಮಧ್ಯದಲ್ಲಿ ಒಂದು ಅಟ್ ಚಿಹ್ನೆ ಹಾಕಿ ಹೊಸದೊಂದನ್ನು ಇಟ್ಟೆ. ಮಾರನೇ ದಿನ ಆನ್ ಮಾಡಿದರೆ, ಒಳಗೆ ಹೋಗುವ ಮೊದಲಿನ ಪರದೆ ಇನ್ನೂ ಜಪಾನಿಯಲ್ಲೇ ಇತ್ತು. ಇರಲಿ ಅಂತ ಪಾಸ್‌ವರ್ಡ್ ಕೊಟ್ಟೆ. ಜಪಾನಿಯಲ್ಲಿ ಏನೋ ಬೈಯಿತು. ನಿಧಾನವಾಗಿ ಒಂದೊಂದೇ ಕೀಲಿ ಒತ್ತಿ ಮತ್ತೆ ಕೊಟ್ಟೆ. ಮತ್ತೆ ಅದೇ ಬೈಗುಳ.

ಪಾಸ್‌ವರ್ಡಿನ ಜಾಗದಲ್ಲಿ ಚುಕ್ಕಿ ಬಿಟ್ಟು ಬೇರೇನೂ ಕಾಣುವುದಿಲ್ಲವಲ್ಲ. ಚುಕ್ಕಿಗಳ ಲೆಕ್ಕ ಸರಿ ಇತ್ತು. ಪಕ್ಕದಲ್ಲಿದ್ದ ಕಣ್ಣಿನ ಚಿತ್ರ ಒತ್ತಿ ಹಿಡಿದೆ. ಆಗ ಗುಟ್ಟು ಬಯಲಾಯಿತು. ಅಟ್ ಚಿಹ್ನೆ ಇರಬೇಕಾದ ಕಡೆ ಉದ್ಧರಣ ಚಿಹ್ನೆ ಕೂತಿದೆ! ಜಪಾನಿ ಕೀಬೋರ್ಡಿನಲ್ಲಿ ಶಿಫ್ಟ್ ಹಿಡಿದು 2 ಒತ್ತಿದರೆ ಬರುವುದು ಉದ್ಧರಣ ಚಿಹ್ನೆ. ಅಟ್ ಇರುವುದು ಪಿ ಅಕ್ಷರದ ಬಲಕ್ಕೆ. ಕೀಲಿಯ ಮೇಲೆ ಸ್ಪಷ್ಟವಾಗಿ ಹಾಗೇ ಅಚ್ಚಾಗಿದೆ. ನನಗೆ ಕೀಲಿ ನೋಡಿ ಒತ್ತುವ ಅಭ್ಯಾಸವಿದ್ದರೆ ತಾನೇ? ನಾನು ಇಂಗ್ಲಿಷಿಗೆ ಬದಲಾಯಿಸಿದ್ದು ನನ್ನ ಖಾತೆಯ ಒಳಗಿನ ಸಂಸಾರವನ್ನು ಮಾತ್ರ. ಅಲ್ಲಿ ಶಿಫ್ಟ್ ಹಿಡಿದು 2 ಒತ್ತಿದರೆ ಅಟ್. ಹೊಸ್ತಿಲು ಇನ್ನೂ ಜಪಾನಿನದೇ ಆಗಿತ್ತು. ಹೊಸ್ತಿಲಿನಲ್ಲಿ ಕೀಲಿಯ ಮೇಲೆ ಬರೆದದ್ದನ್ನು ನಂಬಬೇಕು, ಒಳಗೆ ಹೋದಮೇಲೆ ಬರೆದದ್ದನ್ನು ನಂಬಬಾರದು. ಇದಕ್ಕೂ ಪರಿಹಾರವಿದೆ. ಭಾಷೆಯ ಸೆಟ್ಟಿಂಗಿನಲ್ಲೇ ಆಡಳಿತಕ್ಕೆ ಸಂಬಂಧಿಸಿದ ಒಂದು ಹಳೇ ಕಿಟಕಿ ತೆರೆಯುತ್ತೆ. ಅಲ್ಲಿ ನಮ್ಮ ಭಾಷೆಯನ್ನು ಸ್ವಾಗತದ ಪರದೆಗೂ ಮುಂದೆ ತೆರೆಯುವ ಖಾತೆಗಳಿಗೂ ನಕಲು ಮಾಡುವ ಎರಡು ಚೌಕಗಳಿವೆ. ಎರಡಕ್ಕೂ ಗುರುತು ಹಾಕಬೇಕು. ಯಾರೂ ಹೇಳದಿದ್ದರೆ ಅಲ್ಲಿಗೆ ಯಾರು ಹೋಗುತ್ತಾರೆ?

ನನ್ನದು ಇಷ್ಟಕ್ಕೇ ಮುಗಿದದ್ದು ಅದೃಷ್ಟ. ವಿಂಡೋಸ್ 7ರ ಕಾಲದಲ್ಲಿ ಹೀಗೆ ಭಾಷೆಯನ್ನು ಪೂರ್ತಿ ಬದಲಿಸಬೇಕಾದರೆ ಅಲ್ಟಿಮೇಟ್ ಅಥವಾ ಎಂಟರ್‌ಪ್ರೈಸ್ ಆವೃತ್ತಿಯೇ ಬೇಕಿತ್ತು. 2012ರಲ್ಲಿ ವಿಂಡೋಸ್ 8 ಬಂದಮೇಲೆ ಬಾಗಿಲು ತೆರೆಯಿತು. ಆದರೂ 'ಸಿಂಗಲ್ ಲ್ಯಾಂಗ್ವೇಜ್' ಅಂತಲೇ ಹೆಸರಿರುವ ಆವೃತ್ತಿಯೊಂದಿದೆ. ಅದು ಹೆಸರಿಗೆ ತಕ್ಕ ಹಾಗೆ ಒಂದೇ ಭಾಷೆಯ ವ್ರತ ಹಿಡಿದಿರುತ್ತೆ. ಅದರಲ್ಲಿ ಬೇರೆ ಭಾಷೆ ಬೇಕಾದರೆ ಮೇಲಿನ ಆವೃತ್ತಿ ಕೊಳ್ಳಬೇಕು, ಇಲ್ಲ ಎಲ್ಲ ಅಳಿಸಿ ಬೇಕಾದ ಭಾಷೆಯಲ್ಲಿ ಹೊಸದಾಗಿ ಹಾಕಿಕೊಳ್ಳಬೇಕು.

ಆಮೇಲೆ ಕಣ್ಣಿಗೆ ಬಿದ್ದದ್ದು ದುಡ್ಡು. ಫೈಲಿನ ವಿಳಾಸದಲ್ಲಿ, ಒಂದು ಫೋಲ್ಡರಿಗೂ ಇನ್ನೊಂದಕ್ಕೂ ನಡುವೆ ಹಿಂದಕ್ಕೆ ವಾಲಿದ ಗೆರೆ ಇರಬೇಕಲ್ಲ, ಅಲ್ಲೆಲ್ಲ ಯೆನ್ ಚಿಹ್ನೆ. ಪ್ರತಿ ಫೋಲ್ಡರ್ ದಾಟುವಾಗಲೂ ಸುಂಕ ಕಟ್ಟಿದ ಹಾಗೆ. ಇದರ ಹಿಂದೆ ಕಥೆಯೇ ಇದೆ. ಹಿಂದೆ ಕಂಪ್ಯೂಟರುಗಳು ಪ್ರತಿ ಚಿಹ್ನೆಗೂ ಒಂದು ಅಂಕಿ ಇಟ್ಟುಕೊಂಡಾಗ, ಅಮೆರಿಕದವರ ಪಟ್ಟಿಯಲ್ಲಿ 92ನೇ ಮನೆ ಹಿಂದಕ್ಕೆ ವಾಲಿದ ಗೆರೆಗೆ ಸಿಕ್ಕಿತು. ಕೆಲವು ಮನೆಗಳನ್ನು ಆಯಾ ದೇಶದವರು ತಮಗೆ ಬೇಕಾದ ಚಿಹ್ನೆಗೆ ಬಿಟ್ಟುಕೊಳ್ಳಬಹುದಿತ್ತು. ಜಪಾನಿನವರು 1969ರಲ್ಲಿ ತಮ್ಮ ಪಟ್ಟಿ ಮಾಡುವಾಗ ಆ 92ರಲ್ಲಿ ಯೆನ್ ಕೂರಿಸಿದರು. ಕೊರಿಯಾದವರು ಅಲ್ಲಿ ತಮ್ಮ ವಾನ್ ಕೂರಿಸಿಕೊಂಡರು. ಆಗ ಯಾರಿಗೂ ತೊಂದರೆಯಿಲ್ಲ. 1983ರಲ್ಲಿ ಬಂದ, ವಿಂಡೋಸ್‌ಗೂ ಮುಂಚಿನ ಎಂಎಸ್-ಡಾಸ್‌ನ ಎರಡನೇ ಆವೃತ್ತಿ ಫೋಲ್ಡರುಗಳನ್ನು ಬೇರ್ಪಡಿಸಲು ಅದೇ 92ನ್ನು ಬಳಸಿತು. ಅಂಕಿ ಒಂದೇ, ಆದರೆ ಜಪಾನಿನ ಪರದೆಯ ಮೇಲೆ ಅದು ಯೆನ್ ಆಗಿ ಕಂಡಿತು. ಜನ ಅದಕ್ಕೆ ಒಗ್ಗಿಕೊಂಡರು, ಒಗ್ಗಿದ್ದನ್ನು ಯಾರೂ ತೆಗೆಯಲಿಲ್ಲ. ಹಳೇ ಪ್ರೋಗ್ರಾಮುಗಳಿಗೆಂದು ಬೇರೆಯೇ ಇರುವ ಭಾಷೆಯ ಸೆಟ್ಟಿಂಗನ್ನು ಬದಲಾಯಿಸಿ ರೀಸ್ಟಾರ್ಟ್ ಮಾಡಿದ ಮೇಲೆ ನನ್ನ ಯಂತ್ರದಲ್ಲಿ ಸುಂಕದ ಕಟ್ಟೆಗಳು ಬಹುಪಾಲು ಎದ್ದುಹೋದವು. ಜಪಾನಿ ಫಾಂಟಿನಲ್ಲಿರುವ ಒಂದೆರಡು ಕಡೆ ಈಗಲೂ ವಸೂಲಿ ನಡೆಯುತ್ತಿದೆ.

ಬದಲಾಯಿಸಲು ಆಗದೇ ಉಳಿದದ್ದು ಕೀಬೋರ್ಡು. ಪ್ಲಾಸ್ಟಿಕ್ಕಿಗೆ ಯಾವ ಸೆಟ್ಟಿಂಗೂ ಇಲ್ಲ. ಸ್ಪೇಸ್ ಬಾರ್ ಮೊಟಕು, ಯಾಕೆಂದರೆ ಅದರ ಎರಡೂ ಪಕ್ಕದಲ್ಲಿ ಹಿರಗಾನವನ್ನು ಚೀನಾ ಮೂಲದ ಕಾಂಜಿ ಅಕ್ಷರ ಮಾಡುವ, ಮಾಡದೇ ಇರುವ ಕೀಲಿಗಳಿವೆ. ಇಂಗ್ಲಿಷಿನಲ್ಲಿ ಅವಕ್ಕೆ ಕೆಲಸವಿಲ್ಲ. ನನ್ನ ಹೆಬ್ಬೆರಳು ಅಲ್ಲಿ ಬಿದ್ದರೆ ಏನೂ ಆಗುವುದಿಲ್ಲ, ಎರಡು ಪದ ಅಂಟಿಕೊಳ್ಳುತ್ತವೆ ಅಷ್ಟೇ. ಬೇರೆಯವರು ಬಂದು ಒಂದು ಮೇಲ್ ಕಳಿಸಬೇಕು ಅಂದರೆ ನಾನು ಪಕ್ಕದಲ್ಲಿ ನಿಲ್ಲಬೇಕು. "ಅಟ್ ಎಲ್ಲಿದೆ?" "ಎರಡರ ಮೇಲೆ." "ಇಲ್ಲಿ ಬೇರೆ ಏನೋ ಬರೆದಿದೆಯಲ್ಲ?" "ಅದನ್ನ ಓದಬೇಡಿ, ಸುಮ್ನೆ ಒತ್ತಿ."

ಇಷ್ಟೆಲ್ಲ ಆದಮೇಲೆ, ಪಟ್ಟಿಯಲ್ಲಿ ಮುಖ ತೋರಿಸಿದ್ದ ಕನ್ನಡವನ್ನು ಹಾಗೇ ಬಿಟ್ಟುಬರಲು ಮನಸ್ಸಾಗಲಿಲ್ಲ. ವಿಂಡೋಸ್‌ನಲ್ಲಿ ಕನ್ನಡ ಅಕ್ಷರ ನೆಟ್ಟಗೆ ಕೂತದ್ದು 2001ರ ಎಕ್ಸ್‌ಪಿಯಲ್ಲಿ, ತುಂಗಾ ಫಾಂಟಿನ ಜೊತೆ. ಅಷ್ಟು ವರ್ಷದಿಂದ ನಾನು ಕನ್ನಡದಲ್ಲಿ ಬರೆದಿದ್ದೇನೆ. ಯಂತ್ರವೇ ನನ್ನ ಜೊತೆ ಕನ್ನಡದಲ್ಲಿ ಮಾತಾಡಲಿ ಅಂತ ಒಂದು ದಿನವೂ ಕೇಳಿರಲಿಲ್ಲ. ಹಾಕಿದೆ. ಬಂತು. ಅನುವಾದ ಆಗದ ಕಡೆ ಇಂಗ್ಲಿಷ್ ಇಣುಕುತ್ತೆ, ಆದರೂ ಬಂತು. ನಾನು ಮತ್ತೆ ಕಕ್ಕಾಬಿಕ್ಕಿ. 'ಉಳಿಸು', 'ಅಳಿಸು', 'ರದ್ದುಗೊಳಿಸು'. ಎಲ್ಲ ನನ್ನದೇ ಮಾತು, ಆದರೆ ಪ್ರತಿಯೊಂದರ ಮುಂದೂ ಕೈ ನಿಂತುಬಿಡುತ್ತಿತ್ತು. ಉಳಿಸು ಮತ್ತು ಅಳಿಸು ನಡುವೆ ಒಂದೇ ಅಕ್ಷರದ ದೂರ. ಅದು ಯಾವತ್ತೂ ನನ್ನ ಗಮನಕ್ಕೇ ಬಂದಿರಲಿಲ್ಲ! ಒಂದು ವಾರ ಪ್ರತಿ ಸಾಲನ್ನೂ ಬೆರಳಿಟ್ಟು ಓದಿದೆ. ಎರಡನೇ ವಾರ ಓದುವುದು ಕಡಿಮೆಯಾಯಿತು. ಮೂರನೇ ವಾರ ನೋಡಿದರೆ, ಕೈ ಮತ್ತೆ ಮೊದಲಿನ ಹಾಗೇ ಕತ್ತಲಲ್ಲಿ ಗೋಡೆ ಸವರುತ್ತಿತ್ತು.

ಒಂದು ವಿಷಯ ಮಾತ್ರ ಜಪಾನಿಯಲ್ಲೇ ಉಳಿದಿತ್ತು. ಲ್ಯಾಪ್‌ಟಾಪ್ ತಯಾರಿಸಿದವರೇ ಹಾಕಿಕೊಟ್ಟ ಪ್ರೋಗ್ರಾಮೊಂದು. ಅದಕ್ಕೆ ವಿಂಡೋಸ್ ಭಾಷೆಯ ಹಂಗಿಲ್ಲ. ದಿನಾ ಆನ್ ಮಾಡಿದ ಕೂಡಲೇ ಪುಟ್ಟ ಚೌಕ ತಂದು ನಿಲ್ಲಿಸುತ್ತೆ. ಎರಡು ಸಾಲು ಜಪಾನಿ, ಕೆಳಗೆ ಎರಡು ಬಟನ್. ಆವರಣದೊಳಗಿನ ಇಂಗ್ಲಿಷ್ ಅಕ್ಷರವೂ ಇಲ್ಲ. ಎಡಗಡೆಯದು 'ಹೌದು' ಇರಬೇಕು ಅಂತ ನನ್ನ ಅಂದಾಜು. ಹೌದು ಅಂದರೆ ಯಾರಿಗೂ ಬೇಜಾರಾಗುವುದಿಲ್ಲ ಅಂತ ಎಂಟು ತಿಂಗಳು ಅದನ್ನೇ ಒತ್ತಿದೆ. ಚೌಕ ಸಮಾಧಾನದಿಂದ ಮಾಯವಾಗುತ್ತಿತ್ತು.

ಮೊನ್ನೆ ಭಾವ ಬಂದಿದ್ದರು. ಪಕ್ಕದಲ್ಲಿ ಕೂತು ನೋಡಿದವರು, "ಅದೇನಯ್ಯ ಅದು, ಓದದೇ ಒತ್ತಿಬಿಟ್ಟೆ?" ಅಂದರು. ಮತ್ತೆ ಆರಿಸಿ ಆನ್ ಮಾಡಿಸಿದರು. ತಮ್ಮ ಫೋನಿನ ಕ್ಯಾಮೆರಾ ಹಿಡಿದು ಅನುವಾದ ಮಾಡಿ ನೋಡಿ, ಒಂದು ಕ್ಷಣ ಸುಮ್ಮನಿದ್ದು, ಫೋನನ್ನು ನನ್ನ ಕಡೆ ತಿರುಗಿಸಿದರು.

"ಮುಂದಿನ ಸಲವೂ ಈ ಸಂದೇಶವನ್ನು ತೋರಿಸಬೇಕೇ?"

ಎಡಗಡೆಯದು 'ಹೌದು'. ನನ್ನ ಅಂದಾಜು ಸರಿಯಾಗಿಯೇ ಇತ್ತು.