ಸೆಂಟ್ರಿಂಗ್ ಹೊಡೆಯುವ ಮೊದಲು

ಮನೆ ಕಟ್ಟಿಸುವವರು ಶಿರಸಿಯ ನಮ್ಮ ಕಚೇರಿಗೆ ಬಂದು ಮೊದಲು ಕೇಳುವುದು, "ತ್ರೀಡಿ ಮಾಡಿಕೊಡುತ್ತೀರಾ?" ಎಂದು. ಅವರ ಮನಸ್ಸಿನಲ್ಲಿರುವುದು ಮನೆಯ ಮುಂಭಾಗದ ಬಣ್ಣದ ಚಿತ್ರ. ಅದು ವಾಟ್ಸ್ಆ್ಯಪ್‌ನಲ್ಲಿ ನೆಂಟರಿಗೆಲ್ಲ ಹೋಗುತ್ತದೆ. ಮೇಸ್ತ್ರಿಗೆ ಮಾತ್ರ ಅದರಿಂದ ಒಂದು ಅಳತೆಯೂ ಸಿಗುವುದಿಲ್ಲ.

ನನಗೆ ಬೇಕೆನಿಸುವುದು ಬಿಮ್ (ಬಿಲ್ಡಿಂಗ್ ಇನ್ಫರ್ಮೇಷನ್ ಮಾಡೆಲಿಂಗ್) ಎಂದು ಕರೆಯುವ, ಕಂಪ್ಯೂಟರಿನಲ್ಲಿ ಕಟ್ಟುವ ಇಡೀ ಮನೆಯ ಮಾದರಿ. ಅಲ್ಲಿ ಒಂದು ಗೋಡೆ ಎಳೆದರೆ ಅದರ ಕಲ್ಲು, ದಪ್ಪ, ಎತ್ತರವೆಲ್ಲ ಅದರೊಳಗೇ ಇರುತ್ತದೆ. ಕಿಟಕಿಯನ್ನು ಒಂದಡಿ ಅಗಲ ಮಾಡಿದರೆ ಪ್ಲಾನು, ಮನೆಯನ್ನು ಸೀಳಿ ತೋರಿಸುವ ಸೆಕ್ಷನ್ನು, ಕಲ್ಲಿನ ಲೆಕ್ಕ ಎಲ್ಲವೂ ಒಟ್ಟಿಗೆ ಬದಲಾಗುತ್ತವೆ. ಇದು ಹೊಸದೇನಲ್ಲ. ಇಂಥ ಮಾದರಿ ಮಾಡುವ ತಂತ್ರಾಂಶಗಳಲ್ಲಿ ಹಂಗೇರಿಯ ಆರ್ಕಿಕ್ಯಾಡ್ 1980ರ ದಶಕದ್ದು, ರೆವಿಟ್ ಬಂದದ್ದು 2000ದಲ್ಲಿ. ಬ್ರಿಟನ್ 2016ರಲ್ಲೇ ಕೇಂದ್ರ ಸರ್ಕಾರದ ಕಾಮಗಾರಿಗಳಿಗೆ ಬಿಮ್ ಕಡ್ಡಾಯ ಮಾಡಿತು.

"ಅದೆಲ್ಲ ಬೆಂಗಳೂರಿನ ದೊಡ್ಡ ಕಟ್ಟಡಗಳಿಗೆ" ಎನ್ನುವವರಿದ್ದಾರೆ. ಕುಮಟಾ ತಾಲ್ಲೂಕಿನ ಒಂದು ಮನೆಯ ಕೆಲಸದ ತನಕ ನಾನೂ ಹಾಗೆಯೇ ಅಂದುಕೊಂಡಿದ್ದೆ. ಸಾಣಿಕಟ್ಟಾದ ಉಪ್ಪಿನ ಆಗರಗಳ ಗಾಳಿ ಬೀಸುವ ಜಾಗ. ಬೀಮಿನ, ಅಂದರೆ ಕಾಂಕ್ರೀಟ್ ತೊಲೆಯ ನಕ್ಷೆ ಇನ್ನೊಬ್ಬರದು, ಪೈಪಿನ ನಕ್ಷೆ ನನ್ನದು. ಎರಡನ್ನೂ ಒಂದರ ಮೇಲೊಂದು ಇಟ್ಟು ಯಾರೂ ನೋಡಲಿಲ್ಲ. ಮಹಡಿಯ ಪಾಯಿಖಾನೆಯ ನಾಲ್ಕಿಂಚಿನ ಪೈಪಿಗೆ ಬೀಮು ಅಡ್ಡ ಬಂತು. ನಾನು ಹೋಗುವಷ್ಟರಲ್ಲಿ ಬೀಮನ್ನು ಕೊರೆದಾಗಿತ್ತು. ಸರಳುಗಳನ್ನು ಸುತ್ತಿ ಹಿಡಿಯುವ ಎರಡು ರಿಂಗು ತುಂಡಾಗಿ, ಕೆಳಗಿನ ಸರಳು ಬೆತ್ತಲಾಗಿ ನಿಂತಿತ್ತು. "ಸಿಮೆಂಟ್ ಮೆತ್ತಿದರೆ ಗೊತ್ತಾಗುವುದಿಲ್ಲ ಸರ್" ಎಂದರು ಮೇಸ್ತ್ರಿ. ಗೊತ್ತಾಗಿಯೇ ಆಗುತ್ತದೆ. ಉಪ್ಪಿನಂಶ ತಾಗಿದ ಸರಳಿಗೆ ತುಕ್ಕು ಹಿಡಿಯುತ್ತದೆ, ತುಕ್ಕು ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುತ್ತದೆ, ಕಾಂಕ್ರೀಟ್ ಒಳಗಿನಿಂದಲೇ ಸೀಳುತ್ತದೆ. ಆ ಬೀಮಿನ ದುರಸ್ತಿಗೆ ಮನೆಯವರು ತೆತ್ತ ಹಣ ನನ್ನ ಶುಲ್ಕಕ್ಕಿಂತ ಹೆಚ್ಚು. ನೆನೆದಾಗಲೆಲ್ಲ ಸಂಕಟವಾಗುತ್ತದೆ. ಬೀಮು, ಪೈಪು ಎರಡೂ ಒಂದೇ ಮಾದರಿಯಲ್ಲಿದ್ದಿದ್ದರೆ ಈ ತಿಕ್ಕಾಟ ಪರದೆಯ ಮೇಲೆಯೇ ಸಿಕ್ಕಿಬೀಳುತ್ತಿತ್ತು. ಪೈಪು ಸರಿಸಲು ಎಷ್ಟು ಹೊತ್ತು?

ಹಾಗೆಂದು ತಂತ್ರಾಂಶ ತಂದಿಟ್ಟ ಕೂಡಲೇ ಎಲ್ಲವೂ ಸರಿಯಾಗುವುದಿಲ್ಲ. ನಮ್ಮ ಚಿರೇಕಲ್ಲು, ನಮ್ಮ ಹಂಚಿನ ಮಾಡು ಅದರಲ್ಲಿ ಸಿದ್ಧವಾಗಿ ಸಿಗುವುದಿಲ್ಲ. ಕ್ವಾರಿಯಿಂದ ಬಂದ ಕಲ್ಲನ್ನು ನಾವೇ ಅಳೆದು, ಹಂಚು ಕೂರುವ ರೀಪುಗಳ ಅಂತರ ನೋಡಿ ಸೇರಿಸಬೇಕು. ಕೆಲಸ ಬಲ್ಲವರ ಕಣ್ಣೂ ಬೀಳಬೇಕು. ಕಳೆದ ವರ್ಷ ಒಬ್ಬ ಹಿರಿಯ ಆಚಾರಿಗೆ ಮೊಬೈಲಿನಲ್ಲಿ ಮಾದರಿ ತೋರಿಸಿದೆ. ಬೆರಳಿನಿಂದ ತಿರುಗಿಸಿ ತಿರುಗಿಸಿ ನೋಡಿ, ಎರಡು ಮಾಡು ಸೇರಿ ಮಳೆನೀರು ಹರಿಯುವ ಮೂಲೆಯಲ್ಲಿ ನಿಲ್ಲಿಸಿದರು. "ಇಲ್ಲಿ ತಗಡಿನ ದೋಣಿ ಇಷ್ಟು ಸಣ್ಣದಾದರೆ ಆಷಾಢದ ಮಳೆಗೆ ನೀರು ಉಕ್ಕಿ ಒಳಗೆ ಬರುತ್ತದೆ" ಎಂದರು. ನನ್ನ ಕಣ್ಣಿಗೆ ಅದು ಬಿದ್ದೇ ಇರಲಿಲ್ಲ. ಅಂದು ರಾತ್ರಿಯೇ ದೋಣಿಯನ್ನು ಅಗಲ ಮಾಡಿದೆ.

ರೆವಿಟ್‌ನಂಥವುಗಳ ಶುಲ್ಕ ಸಣ್ಣ ಕಚೇರಿಗಳಿಗೆ ಭಾರ, ಒಪ್ಪುತ್ತೇನೆ. ಆದರೆ ಇಂಥದೇ ಕೆಲಸ ಮಾಡುವ ಫ್ರೀಕ್ಯಾಡ್ ಎಂಬ ತಂತ್ರಾಂಶ ಉಚಿತವಾಗಿಯೇ ಸಿಗುತ್ತದೆ. ಕಲಿಯಲು ಆಸಕ್ತಿಯಿರುವ ಹುಡುಗ ಹುಡುಗಿಯರು ಸಂಜೆ ಕಚೇರಿಗೆ ಬನ್ನಿ, ನನಗೆ ಬಂದಷ್ಟನ್ನು ಹೇಳಿಕೊಡುತ್ತೇನೆ. ಬನವಾಸಿ ರಸ್ತೆಯ ಒಂದು ಮನೆಗೆ ಬರುವ ವಾರ ಸೆಂಟ್ರಿಂಗ್, ಅಂದರೆ ಕಾಂಕ್ರೀಟ್ ಸುರಿಯಲು ಹಲಗೆಯ ಅಚ್ಚು ಹೊಡೆಯುವ ಕೆಲಸ. ಅದಕ್ಕೂ ಮೊದಲು ಮೇಸ್ತ್ರಿ, ಪ್ಲಂಬರ್, ಆಚಾರಿ ಮೂವರನ್ನೂ ಮಾದರಿಯ ಮುಂದೆ ಕೂರಿಸುತ್ತಿದ್ದೇನೆ.